ಪಂಪ್ ತಿನ್ನುತ್ತಿದ್ದ ನನ್ನ ಗಾಡಿ

"ಇದು ಪಂಪ್ ತಿನ್ನೋ ಗಾಡಿ ಐತ್ರಿ, ಮಾರಿ ಕೈ ತೊಳಕೊಳ್ರಿ" ಅಂತ ಪಂಪ್ ಮೇಸ್ತ್ರಿ ಹೇಳಿದಾಗ ನನ್ನ ಕೈಯಲ್ಲಿ 1 ಲಕ್ಷ 10 ಸಾವಿರದ ಎಸ್ಟಿಮೇಟ್ ಚೀಟಿ ಇತ್ತು. ನನ್ನ ಲಾರಿಗೆ ಹೊಸ ಹೈ ಪ್ರೆಷರ್ ಪಂಪಿನದು, ಅಂದರೆ ಎಂಜಿನ್ನಿಗೆ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪು. ಅಷ್ಟರಲ್ಲಿ ಹದಿಮೂರು ಹದಿನಾಲ್ಕು ತಿಂಗಳಲ್ಲಿ ಎರಡು ಪಂಪ್ ಹೋಗಿದ್ದವು, ಮೂರನೆಯದು ಹೋಗುವ ದಾರಿ ಹಿಡಿದಿತ್ತು. ನಾನು ಗಾಡಿ ಮಾರಲಿಲ್ಲ, ಹೊಸ ಪಂಪೂ ಹಾಕಲಿಲ್ಲ. ಆ ಮೂರನೇ ಪಂಪೇ ಇವತ್ತಿಗೂ ಎಂಜಿನ್ ಮೇಲಿದೆ, 70 ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಹುಬ್ಬಳ್ಳಿಯ ಗಬ್ಬೂರ ಕ್ರಾಸಿನಲ್ಲಿ ಸಿಕ್ಕವರೆಲ್ಲ ಏನು ಮಾಡಿದಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಗಂಟಲು ಒಣಗಿತು, ಬರೆದೇ ಬಿಡೋಣ ಅನ್ನಿಸಿತು.

ಗಾಡಿ 2018ರ ಮಾಡೆಲ್, ಟೆನ್ ವೀಲರ್, ಬಿಎಸ್ 4 (ಹೊಗೆ ನಿಯಮದ ಹಂತ), ಆರು ಸಿಲಿಂಡರ್ ಕಾಮನ್ ರೈಲ್. ಅಂದರೆ ಪಂಪ್ ಒತ್ತಿದ ಡೀಸೆಲ್ ರೈಲ್ ಅನ್ನೋ ಒಂದೇ ಕೊಳವೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಚಿಮುಕಿಸುವ ಆರು ಇಂಜೆಕ್ಟರಿಗೆ ಹೋಗುತ್ತದೆ. ಕಂಪನಿ ಹೆಸರು ಬರೆಯುವುದಿಲ್ಲ, ತಪ್ಪು ಅವರದ್ದಲ್ಲ. ಹುಬ್ಬಳ್ಳಿಯಿಂದ ಮಂಗಳೂರಿಗೆ ಮೆಕ್ಕೆಜೋಳ, ಬರುವಾಗ ಗೊಬ್ಬರ. ಹೋಗುವಾಗ ಅರಬೈಲ್ ಘಾಟ್ ಇಳಿಜಾರು, ಗಾಡಿಯ ರೋಗ ಗೊತ್ತೇ ಆಗುವುದಿಲ್ಲ. ಬರುವಾಗ ಅಂಕೋಲಾ ದಾಟಿ ಘಾಟ್ ಹತ್ತುವಾಗ ಎಲ್ಲ ಬಯಲಾಗುತ್ತದೆ.

ಮೊದಲನೇ ಪಂಪ್ ಹೋದದ್ದು ನೇರವಾಗಿ ನನ್ನ ಸೋಮಾರಿತನಕ್ಕೆ. ಮಳೆಗಾಲದಲ್ಲಿ ಕಾಲು ಮುರಿದುಕೊಂಡು ಎರಡು ತಿಂಗಳು ಮನೆಯಲ್ಲಿ ಬಿದ್ದಿದ್ದೆ, ಗಾಡಿ ಶೆಡ್ಡಿನ ಹೊರಗೆ ನಿಂತಿತ್ತು. ಟ್ಯಾಂಕ್ ಕ್ಯಾಪಿನ ರಬ್ಬರ್ ಬಿರುಕು ಬಿಟ್ಟು ಮಳೆನೀರು ಒಳಗೆ ಇಳಿದಿತ್ತು. ಸ್ಟಾರ್ಟ್ ಮಾಡುವ ಮುಂಚೆ, ಡೀಸೆಲ್ಲಿನಿಂದ ನೀರು ಬೇರೆ ಮಾಡುವ ವಾಟರ್ ಸೆಪರೇಟರ್ ತಿರುವಿ ನೋಡಬೇಕು ಅಂತ ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಹೇಳಿದವನು ನಾನೇ ನೋಡಲಿಲ್ಲ. ಹತ್ತು ದಿನಕ್ಕೆ ಪಂಪ್ ಹೋಯಿತು, ಬಿಚ್ಚಿದರೆ ಒಳಗೆ ಡೀಸೆಲ್ ಒತ್ತುವ ಪ್ಲಂಜರಿಗೆಲ್ಲ ತುಕ್ಕು. ರೀಕಂಡಿಷನ್ ಪಂಪ್ 42 ಸಾವಿರ, ಆರು ಇಂಜೆಕ್ಟರ್ ಸರ್ವಿಸ್ ಮತ್ತೊಂದು ಅಷ್ಟೇ. ಘಾಟಿನ ಬುಡದ ಸುಂಕಸಾಳದಿಂದ ಎಳೆಸಿಕೊಂಡು ಬಂದದ್ದು ಎಂಟು ಸಾವಿರ.

ಆ ಎರಡನೇ ಪಂಪ್ ಬಾಳಿದ್ದು ಐದೇ ತಿಂಗಳು. ನಮ್ಮ ಅಕ್ಕನ ಮಗನೇ ಡ್ರೈವರ್. ರಾತ್ರಿ ಒಂದೂವರೆಗೆ ಫೋನ್. "ಮಾಮಾ, ಗಾಡಿ ಎಳೀವಲ್ದು. ಎರಡನೇ ಗೇರಿನ್ಯಾಗೂ ಉಸಿರ ಬಿಡಾಕತ್ತೈತಿ. ಲೈಟ್ ಬಂದೈತಿ." ಸ್ಕ್ಯಾನರ್ ಹಾಕಿದರೆ ರೈಲ್ ಪ್ರೆಷರ್ ಕಮ್ಮಿ ಅನ್ನೋ ಕೋಡ್. ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕೇಳುವುದು 1400 ಬಾರ್ ಒತ್ತಡ, ಸಿಗುವುದು 800, 850. ಪಂಪ್ ಬಿಚ್ಚಿದಾಗ ಈ ಸಲ ತುಕ್ಕಿಲ್ಲ, ಒಣ ಉಜ್ಜಿದ ಗೆರೆಗಳು. ಎಣ್ಣೆ ಕಾಣದ ಗಾಣದ ಹಾಗೆ. ಪಂಪ್ ಅಂಗಡಿಯವರು "ನಿಮ್ಮ ಡೀಸೆಲ್ ಕೆಟ್ಟದ್ದು" ಅಂದರು, ನಾನು "ನಿಮ್ಮ ಪಂಪ್ ಕೆಟ್ಟದ್ದು" ಅಂದೆ. ಜಗಳವಾಡಿ ಕಮ್ಮಿ ರೇಟಿಗೆ, 25 ಸಾವಿರಕ್ಕೆ ಇನ್ನೊಂದು ಹಾಕಿಸಿಕೊಂಡೆ. ನಾಲ್ಕು ತಿಂಗಳಿಗೆ ಅದೂ ಘಾಟಿನಲ್ಲಿ ನರಳತೊಡಗಿತು.

ಈ ನಡುವೆ ಮಾಡಿದ ದಂಡದ ಖರ್ಚು ಹೇಳಿದರೆ ನಗುತ್ತೀರಿ. ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕು ಅಂತ ಅಳೆದು ಬಿಡುವ ಮೀಟರಿಂಗ್ ಯೂನಿಟ್ 11 ಸಾವಿರ, ಹಾಕಿದ ಮೇಲೂ ಅದೇ ಕತೆ. ರೈಲ್ ಸೆನ್ಸರ್ ಪಕ್ಕದ ಗಾಡಿಯದ್ದು ಕಳಚಿ ಹಾಕಿ ನೋಡಿದೆ, ಫರಕಿಲ್ಲ. ಒಬ್ಬರು ಲೀಟರಿಗೆ ಐದು ಎಂಎಲ್ಲಿನಂತೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಎಣ್ಣೆ) ಕಲಸು, ಪಂಪಿಗೆ ಜಿಡ್ಡು ಸಿಗುತ್ತದೆ ಅಂದರು. ಎರಡು ತಿಂಗಳು ಕಲಸಿದೆ. ಆಗ ಡೀಸೆಲ್ ಲೀಟರಿಗೆ ತೊಂಬತ್ತರ ಹತ್ತಿರ ಇತ್ತು, ಅದರ ಮೇಲೆ ಈ ಆಯಿಲ್. ಸೈಲೆನ್ಸರ್ ಹೊಗೆ ವಾಸನೆ ಬದಲಾಯಿತು, ಮತ್ತೇನೂ ಬದಲಾಗಲಿಲ್ಲ.

ಇಂಜೆಕ್ಟರ್ ರಿಟರ್ನ್, ಅಂದರೆ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್, ಅಳೆಯಲು ಆರು ಸಲೈನ್ ಬಾಟಲಿ ಕಟ್ಟಿದೆ. ನರ್ಸಿಂಗ್ ಹೋಮಿನ ಹಿಂದಿನಿಂದ ತಂದದ್ದು, ಗೆರೆ ಗುರುತು ಮೊದಲೇ ಇರುತ್ತದೆ, ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆರೂ ಹೆಚ್ಚುಕಮ್ಮಿ ಸಮ. ಒತ್ತಡ ಮಿತಿ ಮೀರಿದರೆ ತೆರೆಯುವ, ರೈಲಿನ ಪ್ರೆಷರ್ ಲಿಮಿಟ್ ವಾಲ್ವಿನ ರಿಟರ್ನ್ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟೆ, ಹನಿ ಬೀಳಲಿಲ್ಲ. ಅಂದರೆ ಕೊಟ್ಟ ಡೀಸೆಲ್ ಎಲ್ಲೂ ಸೋರಿಹೋಗುತ್ತಿಲ್ಲ. ಕೊಡುವುದೇ ಕಮ್ಮಿ. ಮುಖ್ಯ ಫಿಲ್ಟರಿನ ಮುಂಚೆ ಗೇಜ್ ಇಟ್ಟರೆ ಶೆಡ್ಡಿನಲ್ಲಿ ರೇಸ್ ಮಾಡಿದಾಗ ಐದು ಬಾರ್ ಮೇಲೆ ಬರುತ್ತಿತ್ತು, ಚೆನ್ನಾಗೇ ಇತ್ತು. ಶೆಡ್ಡಿನಲ್ಲಿ ಎಲ್ಲವೂ ಚೆನ್ನಾಗೇ ಇರುತ್ತಿತ್ತು, ಅದೇ ತಲೆನೋವು. ಖಾಲಿ ಗಾಡಿ ರೇಸ್ ಮಾಡಿದರೆ ಎಂಜಿನ್ ಕುಡಿಯುವುದೆಷ್ಟು? ಗಾಡಿ, ಮಾಲು ಸೇರಿ ಇಪ್ಪತ್ತೈದು ಟನ್ನಿನ ಮೇಲಿನ ಭಾರ ಘಾಟ್ ಏರುವಾಗಿನ ಬಾಯಾರಿಕೆಯೇ ಬೇರೆ.

ನಮ್ಮ ಗಾಡಿಗಳಲ್ಲಿ ಟ್ಯಾಂಕಿನಲ್ಲಿ ಪಂಪ್ ಇರುವುದಿಲ್ಲ, ಹೈ ಪ್ರೆಷರ್ ಪಂಪಿಗೆ ಡೀಸೆಲ್ ತಂದುಕೊಡುವ ಫೀಡ್ ಪಂಪ್ ಎಂಜಿನ್ ಮೇಲೆ ಕೂತು ಅಷ್ಟು ದೂರದಿಂದ ಎಳೆಯಬೇಕು. ಒತ್ತುವ ಕಡೆ ಗೇಜ್ ಎಲ್ಲರೂ ಇಡುತ್ತಾರೆ. ಎಳೆಯುವ ಕಡೆ ಇಟ್ಟವರನ್ನು ನಾನು ನೋಡಿರಲಿಲ್ಲ. ಫ್ರಿಜ್ ರಿಪೇರಿ ಮಾಡುವ ಗೆಳೆಯನೊಬ್ಬನ ಹತ್ತಿರ ನೀಲಿ ಕಾಂಪೌಂಡ್ ಗೇಜ್ ಇತ್ತು, ಸೊನ್ನೆಗಿಂತ ಕೆಳಗೆ ವ್ಯಾಕ್ಯೂಮ್, ಅಂದರೆ ಎಳೆತದ ಜೋರು, ಇಂಚಿನಲ್ಲಿ ತೋರಿಸುತ್ತದೆ. ಕೇಳಿ ತಂದೆ. (ಆಮೇಲೆ ಡೀಸೆಲ್ ವಾಸನೆ ಅಂತ ಅವನು ವಾಪಸ್ ತಗೊಳ್ಳಲಿಲ್ಲ, 800 ರೂಪಾಯಿ ಕೊಟ್ಟೆ.) ಸೆಪರೇಟರಿಗೂ ಫೀಡ್ ಪಂಪಿಗೂ ನಡುವೆ ಕೂರಿಸಿದೆ. ಅಲ್ಲಿಗೆ ಬ್ಯಾಂಜೋ ಬೋಲ್ಟ್ (ಡೀಸೆಲ್ ಒಳಗಿಂದ ಹರಿಯುವ ತೂತಿನ ಬೋಲ್ಟ್) ಯಾವುದನ್ನು ಹೇಗೆ ಕೊರೆದು ಗಾಳಿ ಎಳೆಯದಂತೆ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಮೂರು ಬೋಲ್ಟ್ ಹಾಳು ಮಾಡಿ ಕಲಿತದ್ದು. ಸೆಪರೇಟರಿನ ಮುಂಚೆ, ಟ್ಯಾಂಕಿನಿಂದ ಬರುವ ಪೈಪಿನ ತುದಿಗೆ ಗೌಂಡಿಗಳ ಲೆವೆಲ್ ಪೈಪಿನ ಒಂದು ಗೇಣು ತುಂಡು. ಒಳಗೆ ಗುಳ್ಳೆ ಬಂದರೆ ಕಣ್ಣಿಗೆ ಕಾಣಬೇಕಲ್ಲ. ಒಂದೆರಡು ದಿನಕ್ಕೆ ಮಾತ್ರ ಸರಿ, ಆಮೇಲೆ ಡೀಸೆಲ್ಲಿಗೆ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಆದರೆ ಘಾಟಿನಲ್ಲಿ ಗಾಡಿ ಓಡುವಾಗ ಚಾಸಿ ಕೆಳಗೆ ಕೂತು ನೋಡುವವರು ಯಾರು? ಮಗಳ ಹಳೇ ಮೊಬೈಲ್, ಗಾಜು ಒಡೆದದ್ದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಚಾಸಿಗೆ ಬಿಗಿದೆ. ಗೇಜೂ ಲೆವೆಲ್ ಪೈಪೂ ಎರಡೂ ವಿಡಿಯೋದಲ್ಲಿ ಬರುವಂತೆ. ಶೆಡ್ಡಿನ ಮುಂದೆ ಇದನ್ನು ಕಟ್ಟುವಾಗ ಪಕ್ಕದ ಗ್ಯಾರೇಜಿನವರು ಸುತ್ತ ನಿಂತಿದ್ದರು. "ಅಣ್ಣಾರ, ಗಾಡೀದು ಲಗ್ನದ ವಿಡಿಯೋ ಏನ್ರೀ?" ಅಂದ ಒಬ್ಬ. ನಗಲಿ.

ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬರುವಾಗ ನಾನೂ ಜೊತೆಗಿದ್ದೆ. ಸುಂಕಸಾಳದಲ್ಲಿ ಚಹಾ ಕುಡಿದು ರೆಕಾರ್ಡಿಂಗ್ ಒತ್ತಿ ಹತ್ತಿದೆವು. ಅರ್ಧ ಘಾಟಿನಲ್ಲಿ ಗಾಡಿ ಎಂದಿನಂತೆ ಮುಗ್ಗರಿಸಿತು. ಮೇಲೆ ನಿಲ್ಲಿಸಿ ಮೊಬೈಲ್ ಬಿಚ್ಚಿ ನೋಡಿದರೆ, ನನಗಂತೂ ಮೈ ಜುಮ್ಮೆಂದಿತು. ಸಮತಟ್ಟು ರಸ್ತೆಯಲ್ಲಿ ಮುಳ್ಳು ಮೂರು ಇಂಚಿನ ಹತ್ತಿರ. ಏರು ಶುರುವಾದಂತೆ ಎಂಟು, ಹನ್ನೆರಡು, ಕೊನೆಗೆ ಹದಿನೆಂಟು ದಾಟಿತು. ನನ್ನ ಲೆಕ್ಕದಲ್ಲಿ ಆರೇಳು ಮೀರಬಾರದು. ಲೆವೆಲ್ ಪೈಪಿನಲ್ಲಿ ದೊಡ್ಡ ಗುಳ್ಳೆ ಬರುತ್ತವೆ ಅಂತ ಕಾದಿದ್ದೆ, ಬರಲಿಲ್ಲ. ಬದಲಿಗೆ ಪೈಪೇ ಚಪ್ಪಟೆಯಾಯಿತು. ಮಜ್ಜಿಗೆ ಪ್ಯಾಕೆಟ್ಟಿಗೆ ಸ್ಟ್ರಾ ಹಾಕಿ ಕೊನೆಗೆ ಎಳೆದಾಗ ಪ್ಯಾಕೆಟ್ ಒಳಗೆ ಸೇರಿಕೊಳ್ಳುತ್ತದಲ್ಲ, ಹಾಗೆ. ಗಾಳಿ ಹಿಡಿಯುತ್ತಿಲ್ಲ, ಹಿಂದೆ ಎಲ್ಲೋ ಕಟ್ಟಿಕೊಳ್ಳುತ್ತಿದೆ. ವರ್ಷವಿಡೀ ನಾನು ಏರ್ ಲೀಕ್ ಹುಡುಕಿ ತಾಮ್ರದ ವಾಷರ್ ಬದಲಿಸುತ್ತ ಕೂತಿದ್ದೆ!

ಮುಂದಿನ ಟ್ರಿಪ್ಪಿಗೆ ಬ್ಯಾಟರಿ ಬಾಕ್ಸಿನ ಪಕ್ಕ 35 ಲೀಟರ್ ಕ್ಯಾನ್ ಬಿಗಿದೆ. ಡೀಸೆಲ್ ಎಳೆಯುವ ಸಕ್ಷನ್ ಪೈಪೂ ವಾಪಸ್ ಬಿಡುವ ರಿಟರ್ನ್ ಪೈಪೂ ಅದಕ್ಕೇ. ರಿಟರ್ನ್ ಟ್ಯಾಂಕಿಗೇ ಬಿಟ್ಟರೆ ಕ್ಯಾನ್ ನಡುದಾರಿಯಲ್ಲೇ ಖಾಲಿಯಾಗುತ್ತದೆ, ಮೊದಲ ಸಲ ನನಗೆ ಹಾಗೇ ಆಗಿ ನಡುಘಾಟಿನಲ್ಲಿ ಹ್ಯಾಂಡ್ ಪ್ರೈಮರ್ (ಲೈನಿಗೆ ಡೀಸೆಲ್ ತುಂಬುವ ಕೈಪಂಪು) ಒತ್ತುತ್ತ ಹಿಂದಿನವರ ಬೈಗುಳ ಕೇಳಿದೆ. ಕ್ಯಾನಿನಿಂದ ನೇರ ಸೆಪರೇಟರಿಗೆ ಕೊಟ್ಟಾಗ ಮುಳ್ಳು ನಾಲ್ಕು ದಾಟಲಿಲ್ಲ, ಗಾಡಿ ಕುದುರೆಯಂತೆ ಹತ್ತಿತು. ಆ ಸಂಜೆ ಅಳಿಯ ಮಾತೇ ಆಡಲಿಲ್ಲ, ಸುಮ್ಮನೆ ಗೇರ್ ಹಾಕುತ್ತ ನಗುತ್ತಿದ್ದ.

ಹಾಗಾದರೆ ತಪ್ಪು ಟ್ಯಾಂಕಿನದೋ ಪೈಪಿನದೋ? ಅದರ ಮುಂದಿನ ಟ್ರಿಪ್ಪಿನಲ್ಲಿ ಚಾಸಿ ಗುಂಟ ಬರುವ ಸಕ್ಷನ್ ಪೈಪನ್ನು ಟ್ಯಾಂಕಿನ ಕಡೆಯಿಂದ ಬಿಡಿಸಿ ಆ ತುದಿಯನ್ನು ಕ್ಯಾನಿಗೆ ಹಾಕಿದೆ. ಮತ್ತೆ ಹದಿನೆಂಟು. ಪೈಪು!

ಹೊರಗಿನಿಂದ ಕಪ್ಪಗೆ ಮಿರಮಿರ ಮಿಂಚುತ್ತಿದ್ದ ಹೊಸಾ ಪೈಪು. ಬಾಯಿ ಹಾಕಿ ಊದಿದರೆ ಗಾಳಿ ಸರಾಗ ಹೋಗುತ್ತಿತ್ತು, ಅದಕ್ಕೇ ಯಾರೂ ಅದರ ಮೇಲೆ ಅನುಮಾನ ಪಡದಿದ್ದದ್ದು. ಬ್ಲೇಡ್ ಹಾಕಿ ಉದ್ದಕ್ಕೆ ಸೀಳಿದೆ. ಟ್ಯಾಂಕಿನ ಕಡೆಯಿಂದ ಒಂದು ಮೊಳ ಒಳಗೆ, ಒಳಪದರ ಉಬ್ಬಿ ಎದ್ದು ಎರಡು ಬೆರಳು ಉದ್ದದ ನಾಲಿಗೆಯಂತೆ ಜೋತಿತ್ತು. ಮೆಲ್ಲಗೆ ಎಳೆದರೆ ಪಕ್ಕಕ್ಕೆ ಮಲಗುತ್ತದೆ, ಜೋರಾಗಿ ಎಳೆದರೆ ಎದ್ದು ಬಾಯಿ ಮುಚ್ಚುತ್ತದೆ. ಡೀಸೆಲ್ಲೇ ಆ ಪಂಪಿನ ಎಣ್ಣೆ. ಪ್ರತಿ ಘಾಟಿನಲ್ಲೂ ಅದಕ್ಕೆ ಒಣ ಗಂಟಲು, ಒಣ ಉಜ್ಜಾಟ.

ಆ ಪೈಪ್ ಹಾಕಿದ್ದು ಯಾರು ಅಂತ ಕೇಳಬೇಡಿ. ಮೊದಲನೇ ಪಂಪ್ ಬದಲಿಸುವಾಗ "ಎಲ್ಲ ಹೊಸದಾಗಲಿ" ಅಂತ ನಾನೇ 350 ರೂಪಾಯಿಗೆ ತಂದು ಹಾಕಿದ್ದು. ಡೀಸೆಲ್ಲಿಗೆ ಆಗುತ್ತದೆ ಅಂತ ಅಂಗಡಿಯವನು ಹೇಳಿದ, ನಾನು ಕೇಳಿದೆ. ಅದು ನೀರಿಗೋ ಗಾಳಿಗೋ ಮಾಡಿದ ಪೈಪು, ಡೀಸೆಲ್ ಕುಡಿದು ಒಳಗೆ ಊದಿಕೊಂಡಿದೆ.

ಪೈಪ್ ಬದಲಿಸಿ ಸುಮ್ಮನಾಗಿದ್ದರೆ ಇನ್ನೊಂದು ಪಂಪ್ ಹೋಗುತ್ತಿತ್ತು ಅನ್ನೋದು ನನ್ನ ನಂಬಿಕೆ. ಟ್ಯಾಂಕ್ ಇಳಿಸಿ ಬಗ್ಗಿಸಿ ಖಾಲಿ ಮಾಡಿದೆ. ತಳದ ಕಪ್ಪು ಲೋಳೆಯನ್ನು ಬಿಳಿ ಬಟ್ಟೆಗೆ ಸುರಿದು ಬಿಸಿಲಿಗೆ ಹಿಡಿದರೆ ಜರಿ ಸೀರೆಯಂತೆ ಮಿನುಗು. ಹಿಂದಿನ ಎರಡು ಪಂಪಿನ ಪುಡಿ, ರಿಟರ್ನ್ ಲೈನಿನಲ್ಲಿ ವಾಪಸ್ ಬಂದು ಕೂತದ್ದು. ಮೂರು ಸಲ ಡೀಸೆಲ್ ಹಾಕಿ ಕುಲುಕಿ ಚೆಲ್ಲಿದೆ, ಹದಿನೈದು ಲೀಟರ್ ಹೋಯಿತು. ಒಡೆದ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ತಂತಿಗೆ ಕಟ್ಟಿ ಟ್ಯಾಂಕಿನೊಳಗೆ ಬಿಟ್ಟಿದ್ದೇನೆ. ಮೊದಲ ತಿಂಗಳು ಎತ್ತಿದಾಗ ಪುಡಿ ಅಂಟಿ ಮೀಸೆ ಬಂದಿತ್ತು, ಈಗ ನುಣ್ಣಗೆ ಬರುತ್ತದೆ. ಉಪಯೋಗವೋ ಹುಚ್ಚೋ, ಇರಲಿ ಅಂತ ಬಿಟ್ಟಿದ್ದೇನೆ. ರೈಲನ್ನೂ ಪೈಪುಗಳನ್ನೂ ಬಿಚ್ಚಿ ತೊಳೆದೆ.

ನಡುವೆ 24 ವೋಲ್ಟಿನ ಎಲೆಕ್ಟ್ರಿಕ್ ಪಂಪೊಂದನ್ನು ಟ್ಯಾಂಕಿನ ಪಕ್ಕ ಹಾಕಿ ನೋಡಿದ್ದೂ ಉಂಟು. ಗಾಡಿ ಎಳೆಯಿತು, ರೋಗ ಮುಚ್ಚಿಹೋಯಿತು, ಕಾರಣ ಮಾತ್ರ ಅಲ್ಲೇ ಉಳಿಯಿತು. ಕಿತ್ತು ಹಾಕಿದೆ. ಒಂದು ಉಪಯೋಗ ಸಿಕ್ಕಿತು: ಅದನ್ನು ಓಡಿಸಿ ಲೈನ್ ಒತ್ತಿದರೆ, ಗಾಳಿ ಎಳೆಯುವ ಜಾಯಿಂಟ್ ಇದ್ದಲ್ಲಿ ಡೀಸೆಲ್ ಬೆವರುತ್ತದೆ. ಈಗ ಬೇರೆಯವರ ಗಾಡಿ ಬಂದರೆ ಅದನ್ನೇ ಮೊದಲು ಮಾಡುತ್ತೇನೆ.

ಒಟ್ಟು ಲೆಕ್ಕ ನೆನಪಿನಿಂದ: ಪಂಪು, ಇಂಜೆಕ್ಟರು, ಎಳೆಸಿದ್ದು, ಕೂಲಿ ಸೇರಿ ಒಂದೂವರೆ ಲಕ್ಷದ ಹತ್ತಿರ. ತಪ್ಪಿದ ಟ್ರಿಪ್ಪು, ಕಟ್ಟದೆ ಉಳಿದ ಕಂತು ಬೇರೆ. ರೋಗ ಹಿಡಿದದ್ದು ಗೇಜಿಗೆ 800, ಲೆವೆಲ್ ಪೈಪಿಗೆ 40, ಮೂರು ಬ್ಯಾಂಜೋ ಬೋಲ್ಟಿಗೆ ಇನ್ನೂರು ಚಿಲ್ಲರೆ.

ಸೀಳಿದ ಪೈಪನ್ನು ಶೆಡ್ಡಿನ ಮೊಳೆಗೆ ತೂಗುಹಾಕಿದ್ದೇನೆ. ಪಂಪ್ ಮೇಸ್ತ್ರಿ ಹೋದ ತಿಂಗಳು ಬಂದು ಆ ನಾಲಿಗೆಯನ್ನು ಬೆರಳಿನಿಂದ ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡಿದ. ಏನೂ ಹೇಳಲಿಲ್ಲ, ಹೋಗುವಾಗ ಗೇಜ್ ಎರಡು ದಿನಕ್ಕೆ ಕೊಡ್ರಿ ಅಂದ. ಇನ್ನೂ ತಂದುಕೊಟ್ಟಿಲ್ಲ. ನನಗೂ ಬೇಕಾಗಿದೆ: ಚಳಿಯಲ್ಲಿ ಬೆಳಿಗ್ಗೆ ಗಾಡಿ ಎರಡು ಸೆಲ್ಫ್ ಹೆಚ್ಚು ಕೇಳುತ್ತಿದೆ, ರಾತ್ರಿ ಡೀಸೆಲ್ ಟ್ಯಾಂಕಿಗೆ ಇಳಿಯುತ್ತಿರಬೇಕು. ಡೀಸೆಲ್ ಹಿಂದಕ್ಕೆ ಹೋಗದಂತೆ ತಡೆಯುವ, ಪ್ರೈಮರಿನ ನಾನ್ ರಿಟರ್ನ್ ವಾಲ್ವಿನ ಮೇಲೆ ನನಗೆ ಅನುಮಾನ.