ಕುಟುಂಬದ ಜಮೀನಿನಲ್ಲಿ ವನ್ಯಜೀವಿಸ್ನೇಹಿ ಡೇರೆ ಶಿಬಿರ: ಆರಂಭಿಸುವ ಕ್ರಮ

ಬೇಸಾಯದ ಆದಾಯಕ್ಕೆ ಆಸರೆಯಾಗಿ ಜಮೀನಿನಲ್ಲಿ ಡೇರೆಗಳನ್ನು ಹಾಕಿಸಿ ಪ್ರವಾಸಿಗರನ್ನು ಬರಮಾಡಿಕೊಳ್ಳಲು ಬಯಸುವ ಕುಟುಂಬವು ಜನರು ಎಲ್ಲಿಗೆ ಹೋಗಬಾರದು ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕು. ಜಮೀನಿನ ನಕ್ಷೆಯೊಂದನ್ನು ಬರೆದುಕೊಂಡು, ಸಾಧ್ಯವಾದರೆ ಎಲ್ಲ ಋತುಗಳಲ್ಲಿಯೂ, ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ಸುತ್ತಾಡಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಜಾಗ, ಪೊಟರೆಗಳಿರುವ ಹಳೆಯ ಮರಗಳು, ಜೌಗು ನೆಲ, ಪ್ರಾಣಿಗಳು ದಿನವೂ ಓಡಾಡುವ ಜಾಡು ಇವನ್ನೆಲ್ಲ ಗುರುತಿಸಬೇಕು. ಗೊಬ್ಬರದ ಗುಂಡಿ, ಕೀಟನಾಶಕದ ಕೋಣೆ, ಟ್ರ್ಯಾಕ್ಟರ್ ದಾರಿ, ವಿದ್ಯುತ್ ಬೇಲಿ ಹಾಗೂ ಎಳೆಗರುಗಳ ಕೊಟ್ಟಿಗೆಯನ್ನೂ ಅದೇ ನಕ್ಷೆಯಲ್ಲಿ ಸೇರಿಸಬೇಕು. ಇಷ್ಟನ್ನು ಬಿಟ್ಟು ಉಳಿಯುವುದು ಬಹುಮಟ್ಟಿಗೆ ಮನೆಗೆ ಹತ್ತಿರದ, ದನಗಳು ಮೇಯ್ದ ಸಾಧಾರಣ ಹುಲ್ಲುನೆಲವಾಗಿರುತ್ತದೆ. ಡೇರೆಗಳಿಗೆ ಸರಿಯಾದ ಜಾಗ ಅದೇ. ನೀರಿನಂಚಿನ ಚೆಲುವಾದ ಮೂಲೆಯಲ್ಲಿ ಡೇರೆ ಹಾಕಿಸಿದರೆ ಮೊದಲ ವರ್ಷ ಎಲ್ಲರೂ ಮೆಚ್ಚುತ್ತಾರೆ. ಆದರೆ ಅಲ್ಲಿಗೆ ಬರುತ್ತಿದ್ದ ಹಕ್ಕಿಗಳು ದೂರವಾದ ಮೇಲೆ ಆ ಮೂಲೆಯಲ್ಲಿ ತೋರಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಜಾಗ ಗೊತ್ತಾದ ಮೇಲೆ ಮಣ್ಣಿನ ವಿಚಾರ. ಹಸಿಯಾದ ಮಣ್ಣಿನ ಮೇಲೆ ವಾಹನ ಹರಿದರೆ ಅದು ಒತ್ತಿ ಗಟ್ಟಿಯಾಗಿ, ಬೇರಿಗೆ ಗಾಳಿ ಸಿಗದೆ, ನೀರು ಇಂಗದೆ ನಿಲ್ಲುತ್ತದೆ. ಜೇಡಿಮಣ್ಣಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ವಾಹನಗಳನ್ನು ಪ್ರವೇಶದ ಬಳಿಯ ಗಟ್ಟಿ ನೆಲದಲ್ಲಿಯೇ ನಿಲ್ಲಿಸಿ, ಸಾಮಾನುಗಳನ್ನು ಕೈಗಾಡಿಯಲ್ಲಿ ಸಾಗಿಸುವ ವ್ಯವಸ್ಥೆ ಮಾಡುವುದು ಒಳ್ಳೆಯದು. ಹುಲ್ಲುಗಾವಲನ್ನು ಭಾಗ ಮಾಡಿ ದನಗಳನ್ನು ಸರದಿಯಂತೆ ಮೇಯಿಸುವ ರೈತರಿಗೆ ಡೇರೆಗಳ ಜಾಗವನ್ನೂ ಸರದಿಯಂತೆ ಬದಲಾಯಿಸಬೇಕೆಂದು ಹೆಚ್ಚು ವಿವರಿಸಬೇಕಾಗಿಲ್ಲ. ಹುಲ್ಲು ಹಳದಿಯಾಗುವುದಕ್ಕೆ ಮುನ್ನವೇ ಜಾಗ ಬದಲಾದರೆ ನೆಲ ಬೇಗ ಚೇತರಿಸಿಕೊಳ್ಳುತ್ತದೆ. ಒಣಕೊಂಬೆಗಳಿರುವ ಮರದ ಕೆಳಗೆ ಡೇರೆ ಹಾಕಬಾರದು; ಬೆಂಕಿ ಒಂದರಿಂದ ಇನ್ನೊಂದಕ್ಕೆ ಹಬ್ಬದಂತೆ ಡೇರೆಗಳ ನಡುವೆ ಕನಿಷ್ಠ 6 ಮೀಟರ್ ಅಂತರವಿರಲಿ. ಕೆಂಡದ ಒಲೆಯನ್ನು, ಅದು ಆರುತ್ತಿರುವಂತೆ ಕಂಡರೂ, ಡೇರೆಯೊಳಗೆ ಇಟ್ಟುಕೊಂಡರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಪ್ರಾಣಾಪಾಯವಿದೆ ಎಂಬುದನ್ನು ಪ್ರತಿಯೊಬ್ಬ ಅತಿಥಿಗೂ ಬಾಯಿಮಾತಿನಲ್ಲಿಯೇ ತಿಳಿಸಬೇಕು. ಹೊರಗಿನ ಸೌದೆಯೊಂದಿಗೆ ಮರ ಕೊರೆಯುವ ಕೀಟಗಳು ಬರುವ ಸಾಧ್ಯತೆಯಿರುವುದರಿಂದ ಸೌದೆಯನ್ನು ಜಮೀನಿನಿಂದಲೇ ಒದಗಿಸುವುದು ಕ್ಷೇಮ.

ಶೌಚಾಲಯದ ಗುಂಡಿಯು ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 30 ಮೀಟರ್ ದೂರದಲ್ಲಿರಬೇಕು ಮತ್ತು ಅದರ ತಳವು ಅಂತರ್ಜಲದ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು. ನೀರು ಕಡಿಮೆಯಿರುವ ಕಡೆ, ಮೂತ್ರವನ್ನು ಬೇರ್ಪಡಿಸಿ, ಪ್ರತಿ ಬಳಕೆಯ ನಂತರ ಮರದ ಹೊಟ್ಟು ಅಥವಾ ಒಣಗಿದ ಎಲೆ ಹಾಕುವ ಗೊಬ್ಬರ ಶೌಚಾಲಯವು ದುರ್ವಾಸನೆಯಿಲ್ಲದೆ ಕೆಲಸ ಮಾಡುತ್ತದೆ.

ಇಂಥ ಶಿಬಿರಗಳು ಹೆಚ್ಚಾಗಿ ಕೆಡುವುದು ಬೆಳಕಿನಿಂದ. ಅಂದಕ್ಕೆಂದು ಬೇಲಿಯುದ್ದಕ್ಕೂ ಹಾಕುವ ದೀಪದ ಸರಗಳು ಪತಂಗಗಳನ್ನು ಸೆಳೆದು ದಣಿಸುತ್ತವೆ, ಬೆಳಕಿಗೆ ಅಂಜುವ ಬಾವಲಿಗಳ ದಾರಿಯನ್ನು ತಪ್ಪಿಸುತ್ತವೆ, ಮಿನುಗಿನಿಂದಲೇ ಸಂಗಾತಿಯನ್ನು ಹುಡುಕುವ ಮಿಂಚುಹುಳುಗಳ ಸಂಕೇತವನ್ನು ಮರೆಮಾಡುತ್ತವೆ. ಬಿಳಿ ಹಾಗೂ ನೀಲಿ ಛಾಯೆಯ ಬೆಳಕಿಗೆ ಕೀಟಗಳು ಹೆಚ್ಚು ಮುತ್ತುವುದರಿಂದ, ದೀಪ ಬೇಕೇ ಬೇಕಾದ ಶೌಚಾಲಯದ ದಾರಿಯಲ್ಲಿ ಮಾತ್ರ ಹಳದಿ ಛಾಯೆಯ ಮಂದ ದೀಪಗಳನ್ನು, ಬೆಳಕು ಕೆಳಮುಖವಾಗಿ ಬೀಳುವಂತೆ ಮುಚ್ಚಿಗೆ ಹಾಕಿ, ಮೊಣಕಾಲೆತ್ತರದಲ್ಲಿ ಅಳವಡಿಸಬೇಕು. ಮನುಷ್ಯನ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳಲು ಸುಮಾರು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ದೀಪವಿಲ್ಲದೆ ಕುಳಿತವರಿಗೆ ನಕ್ಷತ್ರಗಳ ರಾಶಿಯನ್ನು ತೋರಿಸಲು ಯಾವ ಖರ್ಚೂ ಇಲ್ಲ.

ಪ್ರವಾಸಿಗರಿಗೆ ನೋಡಲು ಏನಿದೆ ಎಂದು ಚಿಂತಿಸಿ ಹೊಸ ಕಟ್ಟಡಗಳನ್ನು ಎಬ್ಬಿಸುವ ಅಗತ್ಯವಿಲ್ಲ. ಒಂದು ಹೊಂಡವನ್ನು ತೋಡಿ, ಒಂದು ಬದಿಯನ್ನಾದರೂ ನಿಧಾನದ ಇಳಿಜಾರಾಗಿ ಮಾಡಿದರೆ ಕಪ್ಪೆ, ಹಕ್ಕಿ, ಸಣ್ಣಪುಟ್ಟ ಪ್ರಾಣಿಗಳು ತಾವಾಗಿ ಬರುತ್ತವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕಡಿದಾದ ಹೊಂಡ ಈಗಾಗಲೇ ಇದ್ದರೆ, ಬಿದ್ದ ಜೀವಿ ಹತ್ತಿ ಬರಲು ಒರಟು ಹಲಗೆಯನ್ನೋ ಹಗ್ಗದ ಬಲೆಯನ್ನೋ ಇಳಿಬಿಡಬೇಕು, ಮಕ್ಕಳು ಬೀಳದಂತೆ ಸುತ್ತ ಬೇಲಿಯನ್ನೂ ಹಾಕಬೇಕು. ಅದರಲ್ಲಿ ಮೀನು ಬಿಡುವ ಆಸೆಯನ್ನು ಹತ್ತಿಕ್ಕುವುದು ಲೇಸು, ಏಕೆಂದರೆ ಮೀನುಗಳು ಗೊದಮೊಟ್ಟೆಗಳನ್ನೂ ಡ್ರ್ಯಾಗನ್‌ಫ್ಲೈ ಮರಿಗಳನ್ನೂ ತಿಂದುಬಿಡುತ್ತವೆ. ಆ ಮರಿಗಳೋ ಸೊಳ್ಳೆಯ ಮರಿಗಳನ್ನು ತಿನ್ನುವಂಥವು. ಬದುಗಳ ಹುಲ್ಲನ್ನು ಹೂಬಿಟ್ಟು ಬೀಜ ಉದುರುವವರೆಗೆ ಬಿಟ್ಟು, ಆಮೇಲೆ ಕತ್ತರಿಸಿ, ಕತ್ತರಿಸಿದ್ದನ್ನು ಹೊರಗೆ ಸಾಗಿಸಬೇಕು. ಅಲ್ಲಿಯೇ ಕೊಳೆಯಲು ಬಿಟ್ಟರೆ ಮಣ್ಣು ಫಲವತ್ತಾಗಿ, ಒರಟು ಹುಲ್ಲು ಹೆಚ್ಚಿ, ಕಾಡುಹೂಗಳು ಅಡಗುತ್ತವೆ. ಬೆಳೆಗೆ ಗೊಬ್ಬರ ಹಾಕಿಯೇ ಅಭ್ಯಾಸವಿರುವ ಕೈಗೆ ಇದು ವಿಚಿತ್ರವೆನಿಸುವುದು ಸಹಜ. ಯಂತ್ರದಿಂದ ಕತ್ತರಿಸುವುದಾದರೆ ನಡುವಿನಿಂದ ಅಂಚಿನ ಕಡೆಗೆ ಹೋಗಬೇಕು. ಹುಲ್ಲಿನಲ್ಲಿ ಅಡಗಿದ ಮರಿಗಳಿಗೆ ಓಡಲು ಆಗ ದಾರಿಯಿರುತ್ತದೆ. ಜನರ ಮೇಲೆ ಬೀಳುವ ಭಯವಿಲ್ಲದ ಕಡೆ ನಿಂತ ಒಣಮರವನ್ನು ಕಡಿಯದೆ ಬಿಟ್ಟರೆ ಮರಕುಟಿಗಕ್ಕೂ ಗೂಬೆಗೂ ಮನೆಯಾಗುತ್ತದೆ.

ಹೊಂಡದ ಎದುರು ಮರದ ಹಲಗೆಗಳಿಂದ ವೀಕ್ಷಣೆಯ ಮರೆಯೊಂದನ್ನು ಕಟ್ಟಿ, ಸೂರ್ಯನು ನೋಡುವವರ ಬೆನ್ನಿಗಿರುವಂತೆ ದಿಕ್ಕನ್ನು ಆರಿಸಿ, ಅಲ್ಲಿಗೆ ಹೋಗುವ ಕಾಲುದಾರಿಯ ಪಕ್ಕದಲ್ಲಿಯೂ ಪೊದೆಗಳನ್ನು ಬೆಳೆಸಬೇಕು, ಇಲ್ಲವಾದರೆ ಜನರು ಒಳಗೆ ಕೂರುವ ಮೊದಲೇ ಹಕ್ಕಿಗಳು ಹಾರಿಹೋಗಿರುತ್ತವೆ. ಫೋನಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಕರೆಯುವುದನ್ನು ಖಡಾಖಂಡಿತವಾಗಿ ನಿಷೇಧಿಸಬೇಕು. ತನ್ನ ಎಲ್ಲೆಗೆ ಮತ್ತೊಂದು ಹಕ್ಕಿ ನುಗ್ಗಿತೆಂದು ಭಾವಿಸಿ ಅದು ಗೂಡನ್ನು ಬಿಟ್ಟು ಶಕ್ತಿ ವ್ಯಯಿಸುತ್ತದೆ. ಗೂಡಿನ ನಿಖರ ಸ್ಥಳವನ್ನು ಜಾಲತಾಣಗಳಲ್ಲಿ ಹಂಚಿಕೊಳ್ಳದಂತೆಯೂ ಕೋರಬೇಕು. ಪ್ರಾಣಿಗಳಿಗೆ ತಿಂಡಿ ಹಾಕದಿರುವುದು, ಕಸವನ್ನು ಭದ್ರ ಮುಚ್ಚಳದ ಡಬ್ಬಿಯಲ್ಲಿಯೇ ಇಡುವುದು, ನಾಯಿಗಳನ್ನು ಕಟ್ಟಿಕೊಂಡೇ ನಡೆಸುವುದು ಇವು ಪ್ರವೇಶದ ಷರತ್ತುಗಳಾಗಿರಲಿ.

ಮಕ್ಕಳು ಕರು, ಕುರಿಮರಿಗಳನ್ನು ಮುಟ್ಟಲು ಬಯಸುತ್ತಾರೆ. ಆರೋಗ್ಯವಾಗಿ ಕಾಣುವ ಜಾನುವಾರುಗಳಿಂದಲೂ ಇ. ಕೊಲೈ ಒ157ರಂತಹ ಅಪಾಯಕಾರಿ ಬ್ಯಾಕ್ಟೀರಿಯಾ ಹರಡಬಹುದಾದ್ದರಿಂದ ಕೊಟ್ಟಿಗೆಯ ಹೊರಬಾಗಿಲಲ್ಲಿಯೇ ಹರಿಯುವ ನೀರು ಮತ್ತು ಸಾಬೂನು ಇರಬೇಕು. ಸ್ಯಾನಿಟೈಸರ್ ಅದಕ್ಕೆ ಬದಲಿಯಲ್ಲ.

ಹಣ ಹೂಡುವ ಮುನ್ನ ಭೂಬಳಕೆಯ ಅನುಮತಿ ಬೇಕೇ ಎಂದು ಸ್ಥಳೀಯ ಆಡಳಿತದಲ್ಲಿ ವಿಚಾರಿಸಬೇಕು ಹಾಗೂ ಈಗಿರುವ ವಿಮೆಯು ಪ್ರವಾಸಿಗರಿಗೆ ಆಗಬಹುದಾದ ಗಾಯಗಳಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ಮೊದಲ ಋತುವಿನಲ್ಲಿ ಕಿತ್ತು ಬೇರೆಡೆಗೆ ಸಾಗಿಸಬಹುದಾದ ಕೆಲವೇ ಡೇರೆಗಳು ಸಾಕು. ಮನೆಮಂದಿಯೆಲ್ಲ ಕುಳಿತು, ಶೌಚಾಲಯ ತೊಳೆಯುವವರು ಯಾರು, ರಾತ್ರಿ ಬಾಗಿಲು ತಟ್ಟಿದರೆ ಎದ್ದು ಹೋಗುವವರು ಯಾರು, ಅತಿಥಿಗಳು ಬರಬಾರದ ಅಂಗಳ ಯಾವುದು ಎಂಬುದನ್ನು ಮುಂಚೆಯೇ ಹಂಚಿಕೊಳ್ಳಬೇಕು. ಕೊಯ್ಲಿನ ವಾರಗಳಲ್ಲಿ ಮತ್ತು ಹಕ್ಕಿಗಳು ನೆಲದ ಮೇಲೆ ಕಾವು ಕೂರುವ ಅವಧಿಯಲ್ಲಿ ಯಾವ ಭಾಗಗಳನ್ನು ಮುಚ್ಚಲಾಗುತ್ತದೆ ಎಂಬುದನ್ನು ಮುಂಗಡ ಕಾಯ್ದಿರಿಸುವ ಹೊತ್ತಿನಲ್ಲಿಯೇ, ಕತ್ತಲೆ ಮತ್ತು ನಿಶ್ಶಬ್ದದ ನಿಯಮಗಳೊಂದಿಗೆ, ಅತಿಥಿಗಳಿಗೆ ಸ್ಪಷ್ಟವಾಗಿ ತಿಳಿಸಿಬಿಡಬೇಕು.