ಸುರಂಗ ಬಾವಿಯಲ್ಲಿ ಮೂವರು: ಮೊಬೈಲ್‌ನಲ್ಲಿ ನಾವು ಆಡುವ ಕಥೆಯಾಟ

"ಅಣ್ಣಾ, ಪೂರಾ ಓದಿದೆ. ಈಗ ನಾ ಏನ್ ಮಾಡ್ಬೇಕು?"

ಹುಮನಾಬಾದಿನಿಂದ ತಂಗಿ ಕಳಿಸಿದ ಈ ಒಂದು ಸಾಲಿಗೆ ನನ್ನ ಮೊದಲ ಆಟ ಅಲ್ಲೇ ಮುಗಿಯಿತು. ನಾನು ಮೂರು ರಾತ್ರಿ ಕೂತು ನಲವತ್ತು ಸಾಲು ಬರೆದಿದ್ದೆ. ಕಪ್ಪು ಗೋಪುರ, ಮಂಜು ಮುಚ್ಚಿದ ಕಾಡು, ಸಾವಿರ ವರ್ಷದ ಶಾಪ, ಎಲ್ಲ ಇತ್ತು. ಪುಣೆಯಲ್ಲಿರುವ ತಮ್ಮ ಎರಡು ದಿನ ನೋಡಲೇ ಇಲ್ಲ. ಓಣಿಯ ಕೊನೆಯ ಮನೆಯ ಕಾಕಾ ಒಂದು ಹೆಬ್ಬೆರಳು ಕಳಿಸಿ ಸುಮ್ಮನಾದರು. ತಂಗಿ ಮಾತ್ರ ಪಾಪ, ಓದಿ ಕೇಳಿದಳು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬರೆದದ್ದು ಕಥೆ. ಅದರಲ್ಲಿ ಅವಳು ಮಾಡುವಂಥದ್ದು ಏನೂ ಇರಲಿಲ್ಲ.

ಬೀದರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಓದುವ ಚಟ ಹತ್ತಿತು. ಚಿತ್ರವೇ ಇಲ್ಲದ ಆಟಗಳು. ಪರದೆ ಮೇಲೆ ಬರೀ ಅಕ್ಷರ. "ನೀನು ಇಂಥ ಜಾಗದಲ್ಲಿ ಇದ್ದೀಯ" ಅಂತ ಅದು ಹೇಳುತ್ತದೆ, ಆಡುವವರು ಎರಡು ಪದದಲ್ಲಿ ಅಪ್ಪಣೆ ಕೊಡುತ್ತಾರೆ. ದೀಪ ತಗೊ. ಉತ್ತರಕ್ಕೆ ಹೋಗು. ಅಷ್ಟೇ.

ಇಂಥ ಆಟಗಳಿಗೆಲ್ಲ ದಾರಿ ಹಾಕಿಕೊಟ್ಟದ್ದು 1976ರ ಒಂದು ಗುಹೆಯ ಆಟ. ಬರೆದವರು ಅಮೆರಿಕದ ವಿಲ್ ಕ್ರೌಥರ್. ಅವರು ಕೆಂಟಕಿಯ ಮ್ಯಾಮತ್ ಗುಹೆಗಳೊಳಗೆ ನಿಜವಾಗಿ ಇಳಿದು, ಅಲ್ಲಿನ ನಕ್ಷೆ ಮಾಡುತ್ತಿದ್ದವರು. ಆ ಗುಹೆಯನ್ನೇ ಆಟದೊಳಗೆ ಇಟ್ಟರು. ಮುಖ್ಯವಾಗಿ ತಮ್ಮ ಹೆಣ್ಣುಮಕ್ಕಳು ಆಡಲಿ ಅಂತ. ಮರುವರ್ಷ ಡಾನ್ ವುಡ್ಸ್ ಅನ್ನುವವರು ಅದಕ್ಕೆ ಇನ್ನಷ್ಟು ಮಾಯೆ, ಇನ್ನಷ್ಟು ನಿಧಿ ಸೇರಿಸಿ ದೊಡ್ಡದು ಮಾಡಿದರು.

ಇದನ್ನು ಓದಿದ ಮೇಲೆ ನನ್ನ ಕಪ್ಪು ಗೋಪುರದ ತಪ್ಪು ಗೊತ್ತಾಯಿತು. ಅಂಥ ಗೋಪುರ ನಾನು ಎಲ್ಲಿ ನೋಡಿದ್ದೆ? ತಮ್ಮ "ಗೋಪುರದ ಹಿಂದೆ ಏನದ?" ಅಂತ ಕೇಳಿದ್ದರೆ ನಾನು ತಡಬಡಿಸುತ್ತಿದ್ದೆ. ಆದರೆ ನನಗೂ ಒಂದು ಗುಹೆ ಗೊತ್ತಿತ್ತು, ನೌಬಾದಿನ ಸುರಂಗ ಬಾವಿ.

ಬೀದರಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ಪದ್ಧತಿಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೆಲದೊಳಗೆ ಕಾಲುವೆ ಮಾಡಿದ್ದಾರೆ. ಕರೇಜ್ ಅನ್ನುತ್ತಾರೆ. ಪಂಪಿಲ್ಲ, ರಾಟೆ ಇಲ್ಲ. ಸ್ವಲ್ಪವೇ ಇಳಿಜಾರು ಕೊಟ್ಟಿದ್ದಾರೆ, ನೀರು ತಾನೇ ಹರಿಯುತ್ತದೆ. ಮೇಲೆ ಸಾಲಾಗಿ ಸುಮಾರು 20 ಬಾಯಿಗಳು. ಅಗೆಯುವಾಗ ಮಣ್ಣು ಮೇಲೆತ್ತಲು, ಆಮೇಲೆ ಗಾಳಿ ಬೆಳಕಿಗೆ. ಚಿಕ್ಕವನಿದ್ದಾಗ ಒಂದು ಬಾಯಿಯೊಳಗೆ ಬಗ್ಗಿ ಕೂಗಿದ್ದೆ. ಕೂಗು ಸ್ವಲ್ಪ ತಡವಾಗಿ, ಬೇರೆ ಯಾರದೋ ದನಿಯಂತೆ ವಾಪಸ್ ಬಂದಿತ್ತು. ಅವ್ವ ಕಿವಿ ಹಿಂಡಿದ್ದು ಅದಕ್ಕಿಂತ ಚೆನ್ನಾಗಿ ನೆನಪಿದೆ.

ಒಂದೊಂದು ಬಾಯಿಗೆ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಕೊಟ್ಟೆ. ಪುಟದಲ್ಲಿ ಜಾಸ್ತಿ ಬರೆಯಲಿಲ್ಲ. ಅಲ್ಲಿ ಕಾಣುವುದು ಏನು, ಕೇಳಿಸುವುದು ಏನು, ಕೈಗೆ ಸಿಗುವ ವಸ್ತು ಯಾವುದು, ಅಲ್ಲಿರುವ ಜೀವಕ್ಕೆ ಏನು ಬೇಕು. ಕೊನೆಯದು ಬಹಳ ಮುಖ್ಯ. ಮೊದಲ ಪ್ರಯತ್ನದಲ್ಲಿ ನನ್ನ ದೆವ್ವಗಳೆಲ್ಲ ಸುಮ್ನೆ ಎದುರಿಗೆ ಬಂದು ಹೊಡೆಯುತ್ತಿದ್ದವು. ಬೇಕು ಅನ್ನುವುದು ಒಂದಿದ್ದರೆ ದೆವ್ವದ ಜೊತೆ ಚೌಕಾಸಿ ಮಾಡಬಹುದು, ಮೋಸ ಮಾಡಬಹುದು, ದೋಸ್ತಿ ಮಾಡಬಹುದು.

ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ನನಗೆ ಬರುವುದಿಲ್ಲ. ಅದರ ಜಾಗದಲ್ಲಿ ಮನುಷ್ಯನೇ ಕೂರುವ ಆಟಗಳೂ ಇವೆ. ಮೇಜಿನ ಸುತ್ತ ಕೂತು, ದಾಳ ಹಾಕಿ, ಬಾಯಿಮಾತಿನಲ್ಲಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ 1974ರಲ್ಲೇ ಬಂದಿತ್ತು. ಒಬ್ಬ ಲೋಕವನ್ನು ನಡೆಸುತ್ತಾನೆ, ಉಳಿದವರು ಅದರೊಳಗೆ ಪಾತ್ರ ಆಗುತ್ತಾರೆ. ನಾನು ಎರಡನ್ನೂ ಕಲಸಿದೆ. ಇದನ್ನು ಕಾಕಾಗೆ ವಿವರಿಸಲು ಹೋದಾಗ ಅವರು ನನ್ನನ್ನು ಅರ್ಧದಲ್ಲೇ ತಡೆದರು. "ಹಂಗಂದ್ರ ನೀ ದೊಡ್ಡಾಟದಾಗಿನ ಸಾರಥಿ ಇದ್ದಂಗ ಅನ್ನು. ಪಾತ್ರ ಬಂದ್ರ ನೀ ಯಾರು, ಯಾಕ ಬಂದಿ ಅಂತ ಕೇಳಾವ." ಅಂದಿನಿಂದ ಗುಂಪಿನಲ್ಲಿ ನನ್ನ ಹೆಸರು ಸಾರಥಿ.

ನಿಯಮ ಎಲ್ಲ ಸೇರಿ ಅರ್ಧ ಪುಟ. ಪ್ರತಿ ಪಾತ್ರಕ್ಕೆ ಮೂರು ಗುಣ: ಬಲ, ಚುರುಕು, ಮಾತು. ಒಂದಕ್ಕೆ 2, ಇನ್ನೊಂದಕ್ಕೆ 1, ಉಳಿದದ್ದಕ್ಕೆ ಸೊನ್ನೆ. ಯಾವುದಕ್ಕೆ ಎಷ್ಟು ಅನ್ನುವುದು ಆಡುವವರಿಗೆ ಬಿಟ್ಟದ್ದು. ಆರು ಜೀವ. ಮೂರು ವಸ್ತು. ಸಲೀಸಾಗಿ ಆಗುವ ಕೆಲಸಕ್ಕೆ ದಾಳ ಬೇಡ. ಬಾಗಿಲು ತೆಗೆಯುವುದಕ್ಕೂ ದಾಳ ಹಾಕಿಸಿದರೆ ಆಟ ಸಾಯುತ್ತದೆ. ಆಗುತ್ತೋ ಇಲ್ಲವೋ ಅನ್ನುವಂಥ ಕೆಲಸಕ್ಕೆ ಮಾತ್ರ ಎರಡು ದಾಳ ಹಾಕಿ, ಗುಣದ ಅಂಕ ಕೂಡಿಸಬೇಕು. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ಬೆಲೆ ತೆರಬೇಕು. 6 ಅಥವಾ ಕೆಳಗೆ ಬಂದರೆ ಕೆಟ್ಟಿತು, ಮುಂದೇನು ಅಂತ ಸಾರಥಿ ಹೇಳುತ್ತಾನೆ.

ಈ ಅಂಕಗಳು ನನ್ನ ಸ್ವಂತದ್ದಲ್ಲ, ಇಂಥ ಹಲವು ಆಟಗಳಲ್ಲಿ ಇವೆ. ಆದರೆ ಯಾಕೆ ಹೀಗೆ ಅಂತ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆ. ಎರಡು ದಾಳ 36 ರೀತಿ ಬೀಳಬಹುದು. ಗುಣ ಸೊನ್ನೆ ಇದ್ದವರು ಅದರಲ್ಲಿ 15 ಸಲ ಸೋಲುತ್ತಾರೆ. 2 ಇದ್ದವರು ಬರೀ 6 ಸಲ. ಆದರೆ "ಆಯಿತು, ಆದರೆ" ಅನ್ನುವ ನಡುವಿನ ಫಲ ಯಾರಿಗೇ ಆಗಲಿ 15 ಅಥವಾ 16 ಸಲ ಬರುತ್ತದೆ. ಆಟದ ಮಜಾ ಎಲ್ಲ ಈ ನಡುವಿನದರಲ್ಲೇ ಇದೆ. ಪೂರಾ ಗೆದ್ದರೆ ಚಪ್ಪಾಳೆ, ಮುಗಿಯಿತು. ಹಗ್ಗ ಹತ್ತಿದೆ, ಆದರೆ ದೀಪ ನೀರಿಗೆ ಬಿತ್ತು ಅಂದರೆ ಮುಂದಿನ ಒಂದು ಗಂಟೆ ಎಲ್ಲರೂ ದೀಪದ ಹಿಂದೆ ಬೀಳುತ್ತಾರೆ. ಗುಣಕ್ಕೆ 3 ಕೊಡು ಅಂತ ತಮ್ಮ ಗೋಗರೆದ. ಕೊಟ್ಟರೆ 36ಕ್ಕೆ ಮೂರೇ ಸಲ ಸೋಲು. ಕೊಡಲಿಲ್ಲ.

ಶುರುವಿನಲ್ಲಿ ಆಡಿದ್ದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ದಾಳ ಅವರವರ ಮನೆಯಲ್ಲಿ, ಲೂಡೋ ಡಬ್ಬಿಯದ್ದು. ಎಷ್ಟು ಬಿತ್ತು ಅಂತ ಬರೆದು ಕಳಿಸಬೇಕು. ಒಂದು ವಾರದಲ್ಲಿ ಕಾಕಾಗೆ ಐದು ಸಲ ಹನ್ನೊಂದು ಬಿತ್ತು. ಹಿರಿಯರು, ಏನು ಕೇಳುವುದು? ತಂಗಿ ಮಾತ್ರ "ಕಾಕಾ, ನಿಮ್ಮ ದಾಳಕ್ಕ ಸಣ್ಣ ಅಂಕಿ ಕೆತ್ತೇ ಇಲ್ಲೇನ್ರಿ?" ಅಂತ ಬರೆದಳು. ಟೆಲಿಗ್ರಾಂಗೆ ಬಂದೆವು. ಅಲ್ಲಿ ದಾಳದ ಚಿತ್ರ ಕಳಿಸಿದರೆ ಅದು ತಾನೇ ಉರುಳಿ ಎಲ್ಲರೆದುರೇ ಒಂದು ಅಂಕಿ ತೋರಿಸುತ್ತದೆ. ಎರಡು ಸಲ ಕಳಿಸಿದರಾಯಿತು. ಅಲ್ಲಿಗೆ ಹೋದ ಮೊದಲ ದಿನವೇ ಕಾಕಾಗೆ ಮೂರು ಬಿತ್ತು.

ನಾನು ಎಣಿಸದೇ ಇದ್ದ ತೊಂದರೆ ಒಂದಿತ್ತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಮಾತು, ದೊಡ್ಡವರು ಚಿಕ್ಕವರು ಅಂತಿಲ್ಲ. ಕನ್ನಡದಲ್ಲಿ ನಾನು ಕಾಕಾಗೆ "ನೀನು ಕೆಸರಿನಲ್ಲಿ ಬಿದ್ದೆ" ಅಂತ ಬರೆಯಲಾ? ಕೈ ಬರಲಿಲ್ಲ. "ನೀವು ಕೆಸರಿನಲ್ಲಿ ಬಿದ್ದಿರಿ" ಅಂದರೆ ಮದುವೆ ಮನೆಯಲ್ಲಿ ಬೀಗರಿಗೆ ಹೇಳಿದ ಹಾಗೆ. ತಮ್ಮನಿಗೆ ಒಂದು, ಕಾಕಾಗೆ ಒಂದು ಬರೆದರೆ ಒಂದೇ ಸುರಂಗದಲ್ಲಿ ಎರಡು ಥರದ ನೀರು ಹರಿದಂತೆ ಆಗುತ್ತಿತ್ತು. ಕೊನೆಗೆ ಆಡುವವರನ್ನು ಬಿಟ್ಟು ಪಾತ್ರದ ಹೆಸರು ಹಿಡಿದೆ. ತಂಗಿಯ ಪಾತ್ರ ಬಿಜಲಿ ಅನ್ನುವ ಕಳ್ಳಿ. ತಮ್ಮನದು ಭೀಮ್ಯಾ ಅನ್ನುವ ಪೈಲ್ವಾನ. ಕಾಕಾ ಆರಿಸಿಕೊಂಡದ್ದು ಚೋಟ್ಯಾ, ಹತ್ತು ವರ್ಷದ ಹುಡುಗ. "ಚೋಟ್ಯಾ ಕೆಸರಿನಲ್ಲಿ ಬಿದ್ದ" ಅಂತ ಬರೆಯಲು ಯಾವ ಸಂಕೋಚವೂ ಇಲ್ಲ. ಕಾಕಾ ತಾವೇ ಅವನಿಗೆ ಬೈಯುತ್ತಾರೆ.

ಎಷ್ಟು ಬರೆಯಬೇಕು ಅನ್ನುವುದನ್ನು ಹೇಳುವುದಕ್ಕಿಂತ ನಮ್ಮ ಗುಂಪಿನ ಒಂದು ತುಣುಕನ್ನೇ ಕೊಡುತ್ತೇನೆ.

ಸಾರಥಿ: ಮೂರನೇ ಬಾಯಿ. ಮೇಲಿಂದ ಒಂದು ಹಿಡಿ ಬೆಳಕು. ನೀರು ಮೊಣಕಾಲಿಗೆ ಬಂದಿದೆ. ಎಡಗಡೆ ಗೋಡೆಯಲ್ಲಿ ಗೂಡು, ಒಳಗೆ ಏನೋ ಉಸಿರಾಡುತ್ತಿದೆ. ಏನು ಮಾಡುತ್ತೀರಿ?

ತಂಗಿ: ಬಿಜಲಿ ದೀಪಕ್ಕ ಸೆರಗು ಅಡ್ಡ ಹಿಡೀತಾಳ. ಗೂಡಿಗೆ ಕಿವಿ ಹಚ್ಚತಾಳ.

ಸಾರಥಿ: ಚುರುಕು. ದಾಳ ಹಾಕು.

(ಮೂರು, ಮೂರು. ಚುರುಕು 2. ಒಟ್ಟು 8.)

ಸಾರಥಿ: ಉಸಿರು ಒಂದಲ್ಲ, ಎರಡು. ಒಂದು ಮಲಗಿದೆ. ಇನ್ನೊಂದು ಈಗಷ್ಟೇ ಎದ್ದಿತು.

ಕಾಕಾ: ಚೋಟ್ಯಾ ಹಬ್ಬ ಹಿಡಿದು ಮೇಲೆ ಹತ್ತುತ್ತಾನೆ.

ಅದು ಹಗ್ಗ. ಕಾಕಾ ಮಾತಾಡಿ ಟೈಪ್ ಮಾಡಿಸುತ್ತಾರೆ, ಮೊಬೈಲ್ ತನಗೆ ಕೇಳಿದ್ದನ್ನು ಬರೆಯುತ್ತದೆ. ಈಗ ನಮ್ಮ ಆಟದಲ್ಲಿ ಹಗ್ಗಕ್ಕೆ ಹಬ್ಬ ಅಂತಲೇ ಹೆಸರು.

ನನ್ನ ಮಾತು ನಾಲ್ಕೈದು ಸಾಲು ದಾಟುವುದಿಲ್ಲ. ಜಾಗ ಹೇಳಿದಾಗಲೆಲ್ಲ ಕೊನೆಯಲ್ಲಿ "ಏನು ಮಾಡುತ್ತೀರಿ?" ಇರುತ್ತದೆ. ಇದು ತಂಗಿಯ ಆ ಮೊದಲ ಪ್ರಶ್ನೆಯನ್ನೇ ತಿರುಗಿಸಿ ಅವರಿಗೆ ಕೊಟ್ಟದ್ದು, ಅಲ್ವಾ? ಇನ್ನೊಂದು, ಗೂಡಿನಲ್ಲಿ ಇರುವುದು ಏನು ಅಂತ ನಾನು ಹೇಳಲಿಲ್ಲ. ಮೊದಲಿನ ನಾನಾಗಿದ್ದರೆ ಅದರ ಹಲ್ಲು, ಉಗುರು, ಅಪ್ಪ ಅಜ್ಜ ಎಲ್ಲ ಬರೆದುಬಿಡುತ್ತಿದ್ದೆ. ಬಿಟ್ಟದ್ದನ್ನು ಕೇಳುವುದರಲ್ಲೇ ಅವರಿಗೆ ಆಟ.

ಬಿಟ್ಟರೆ ಏನೇನು ಬರುತ್ತದೆ ಅನ್ನುವುದು ಗೊತ್ತಾಗಿದ್ದು ಏಳನೇ ಬಾಯಿಯಲ್ಲಿ. ಅಲ್ಲಿ ಒಬ್ಬಳು ಮುದುಕಿ. ಅವಳ ಮುಂದೆ ನೂರು ನಾಣ್ಯಗಳ ಗುಡ್ಡೆ. ಒಂದೇ ಬೆಳ್ಳಿಯದು, ಉಳಿದವು ಸತು ತಾಮ್ರ ಬೆರೆಸಿ ಎರಕ ಹೊಯ್ದವು. ಎಲ್ಲ ಒಂದೇ ಥರ ಹೊಳೆಯುತ್ತವೆ. ಬೆಳ್ಳಿಯದನ್ನು ಒಂದೇ ಸಲಕ್ಕೆ ಎತ್ತಿಕೊಟ್ಟರೆ ದಾರಿ ಬಿಡುತ್ತಾಳೆ. ಮುದುಕಿಯನ್ನು ಮಾತಲ್ಲಿ ಒಲಿಸಿಕೊಳ್ಳಲಿ ಅಂತ ನನ್ನ ಲೆಕ್ಕ ಇತ್ತು.

ಆಗ ತಂಗಿಗೆ ಕೋಟೆ ಮಣ್ಣು ನೆನಪಾಯಿತು. ಶುರುವಿನಲ್ಲಿ ಬಿಜಲಿಯ ಮೂರು ವಸ್ತುಗಳಲ್ಲಿ ಒಂದು ಅಂತ ಚಂದಕ್ಕೆ ಕೊಟ್ಟಿದ್ದೆ, ಒಂದು ಪುಟ್ಟ ಚೀಲ. ಬಿದರಿ ಕೆಲಸ ನೋಡಿದವರಿಗೆ ಗೊತ್ತು. ಕೋಟೆಯ ಹಳೇ ಕಟ್ಟಡಗಳೊಳಗೆ ಮಳೆ ಬಿಸಿಲು ಕಾಣದ ಮಣ್ಣು ತಂದು ಬಳಸುತ್ತಾರೆ. ಸತು ತಾಮ್ರದ ಪಾತ್ರೆ ಅದರಿಂದ ಕಪ್ಪಾಗುತ್ತದೆ, ಮೇಲೆ ಕೂಡಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. "ಬಿಜಲಿ ಎಲ್ಲಾ ನಾಣ್ಯಕ್ಕ ಮಣ್ಣು ತಿಕ್ಕತಾಳ" ಅಂತ ಬರೆದಳು. ನಾನು ಅಂಗಡಿಯಲ್ಲೇ ಎದ್ದು ನಿಂತೆ. ಇದು ನನಗೆ ಹೊಳೆದೇ ಇರಲಿಲ್ಲ. ಆಯಿತು ಅಂತ ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ಕಾಕಾ ಫೋನೇ ಮಾಡಿದರು.

"ಏ ತಮ್ಮಾ, ಬರೇ ಮಣ್ಣ ತಿಕ್ಕಿದ್ರ ಕಪ್ಪ ಆಗಂಗಿಲ್ಲೋ. ನವಸಾಗರ ಬೇಕು. ನೀರಾಗ ಕೂಡಿಸಿ ಕುದಿಸ್ಬೇಕು."

"ಸುರಂಗದಾಗ ನವಸಾಗರ ಎಲ್ಲಿಂದ ತರೋದು ಕಾಕಾ?"

"ಕಲಾಯಿ ಮಾಡೋರ ಹತ್ರ ಇರ್ತದ. ಹುಡುಕ್ರಿ."

ಕಾಕಾ ತಮ್ಮದೇ ಗುಂಪಿನ ಗೆಲುವನ್ನು ತಾವೇ ತಡೆದಿದ್ದರು. ಸರಿ ಅಂದೆ. ಮೂವರೂ ಐದನೇ ಬಾಯಿಗೆ ವಾಪಸ್ ಹೋಗಿ, ಹಬ್ಬ ಹಿಡಿದು ಮೇಲೆ ಹತ್ತಿ, ರಾತ್ರಿ ಊರೊಳಗೆ ಬಂದು, ಚೌಬಾರಾದ ಹತ್ತಿರ ಕಲಾಯಿಯವನನ್ನು ಹುಡುಕಿದರು. ನನ್ನ ನೋಟ್‌ಬುಕ್ಕಿನಲ್ಲಿ ಊರೇ ಇರಲಿಲ್ಲ, ಬರೀ ಸುರಂಗ ಇತ್ತು. ದಿನಾ ರಾತ್ರಿ ಶಟರ್ ಎಳೆದ ಮೇಲೆ ಕೂತು ಒಂದೊಂದು ಗಲ್ಲಿ ಸೇರಿಸಿದೆ. ಮೂರು ವಾರ ಹಿಡಿಯಿತು. ಕೊನೆಗೆ ಮುದುಕಿಯ ಮುಂದೆ ಹಂಡೆ ಕುದಿಸಿದಾಗ ತೊಂಬತ್ತೊಂಬತ್ತು ನಾಣ್ಯ ಕಪ್ಪಾದವು. ದಾಳ ಹಾಕಿ ಅಂತ ನಾನು ಕೇಳಲಿಲ್ಲ. ಅಷ್ಟು ಕಷ್ಟಪಟ್ಟ ಮೇಲೆ ದಾಳಕ್ಕೇನು ಕೆಲಸ?

ಕೆಟ್ಟದ್ದೂ ಆಗಿದೆ. ಒಂಬತ್ತನೇ ಬಾಯಿಯಲ್ಲಿ ಭೀಮ್ಯಾನ ಆರೂ ಜೀವ ಹೋಯಿತು. ನಿಯಮ ಅಂದರೆ ನಿಯಮ, ಸತ್ತ ಅಂತ ಬರೆದೆ. ತಮ್ಮ ಎಂಟು ದಿನ ಗುಂಪಿನ ಕಡೆ ತಲೆ ಹಾಕಲಿಲ್ಲ, ಮನೆಗೆ ಫೋನ್ ಮಾಡಿದರೂ ಅವ್ವನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದ. ಆಮೇಲೆ ನಿಯಮ ಬದಲಿಸಿದೆವು. ಜೀವ ಸೊನ್ನೆಗೆ ಬಂದರೆ ಪಾತ್ರ ಸಾಯುವುದಿಲ್ಲ, ಆದರೆ ಏನನ್ನೋ ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಏನು ಅಂತ ಆಡುವವರೇ ಹೇಳಬೇಕು. ತಮ್ಮ ಭೀಮ್ಯಾನ ದನಿ ಕೊಟ್ಟ. ಈಗ ಪೈಲ್ವಾನ ಮೂಗ. ತಮ್ಮ ಬರೀ ಸನ್ನೆ ಬರೆಯುತ್ತಾನೆ, ಕಾಕಾ ಅದಕ್ಕೆ ತಪ್ಪು ಅರ್ಥ ಹೇಳುತ್ತಾರೆ. ಸತ್ತಿದ್ದರೆ ಇದೆಲ್ಲಿ ಸಿಗುತ್ತಿತ್ತು.

ವೇಗದ ಜಗಳವೂ ಇತ್ತು. ತಂಗಿ ಸ್ಕೂಲಿನ ಊಟದ ಹೊತ್ತಿನಲ್ಲಿ ಹತ್ತು ಮೆಸೇಜ್ ಹಾಕಿ ನಾಲ್ಕು ಬಾಯಿ ದಾಟಿಬಿಡುತ್ತಿದ್ದಳು. ಈಗ ಒಬ್ಬರಿಗೆ ದಿನಕ್ಕೆ ಒಂದೇ ಕೆಲಸ. ರಾತ್ರಿ ಒಂಬತ್ತರೊಳಗೆ ಬರೆಯದಿದ್ದರೆ ಆ ಪಾತ್ರ ಕಾವಲು ಕೂತಿದೆ ಅಂತ ಲೆಕ್ಕ.

ಸದ್ಯ ಮೂವರೂ ಹನ್ನೊಂದನೇ ಬಾಯಿಯ ಕೆಳಗೆ ನಿಂತಿದ್ದಾರೆ. ನಿನ್ನೆ ರಾತ್ರಿ ಚೋಟ್ಯಾ ಮೇಲಕ್ಕೆ ಮುಖ ಮಾಡಿ ಕೂಗಿದ. ದಾಳ ಎರಡು ಮತ್ತು ಒಂದು. ನಾನು ಇಷ್ಟೇ ಬರೆದು ಮಲಗಿದೆ: "ಕೂಗು ಸ್ವಲ್ಪ ತಡವಾಗಿ ವಾಪಸ್ ಬಂತು. ದನಿ ಭೀಮ್ಯಾನದು. ಏನು ಮಾಡುತ್ತೀರಿ?"

ಬೆಳಿಗ್ಗೆ ಆರಕ್ಕೆ ತಮ್ಮನ ಮೆಸೇಜ್ ಬಂದಿತ್ತು. ಭೀಮ್ಯಾ ಹಬ್ಬ ಕೇಳುತ್ತಿದ್ದಾನೆ, ಸನ್ನೆಯಲ್ಲಿ.