ನೆರೆ ಇಳಿದ ಮೇಲೆ ಮನೆ ಕಟ್ಟಿಸಿದ್ದು: ಮೊದಲು ಕಾಗದ, ಆಮೇಲೆ ಪಾಯಾ

ಕೈಯಲ್ಲಿ ದುಡ್ಡಿದ್ದು ಮನೆ ಕಟ್ಟಿಸೋದು ಒಂದು ಥರ. ನೆರೆ ಪರಿಹಾರದ ದುಡ್ಡಲ್ಲಿ ಕಟ್ಟಿಸೋದು ಪೂರ್ತಿ ಬೇರೆ ಕೆಲಸ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭಾ ದಂಡೆಯ ನಮ್ಮೂರಿಗೆ ಹೊಳೆ ಹೊಕ್ಕಿತು. ಅಜ್ಜನ ಕಾಲದ ನಮ್ಮ ಮೇಲ್ಮುದ್ದೆ ಮನೆ, ಅಂದ್ರೆ ಮಣ್ಣಿನ ಮಾಳಿಗೆ ಮನೆ, ಹೋಯ್ತು. ಅದೇ ಜಾಗದಲ್ಲಿ ಹೊಸದು ಎದ್ದಿದೆ. ಹೆಂಗ್ ಮಾಡಿದ್ರಿ ಅಂತ ಪ್ರತಿ ಮಳೆಗಾಲಕ್ಕೆ ಯಾರಾದರೂ ಕೇಳುತ್ತಾರೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಲ್ಲಾ ನಿಂತಿರೋದು ಒಂದೇ ಅಕ್ಷರದ ಮೇಲೆ: ಎ, ಬಿ ಅಥವಾ ಸಿ. ಸರ್ಕಾರದವರ ಹಾನಿ ಸರ್ವೆಯಲ್ಲಿ ಮನೆ ಶೇ 75ಕ್ಕಿಂತ ಜಾಸ್ತಿ ಹಾಳಾಗಿದ್ದರೆ ಎ, ಶೇ 25ರಿಂದ 75ರವರೆಗೆ ಬಿ, ಶೇ 15ರಿಂದ 25ರವರೆಗೆ ಅಂದ್ರೆ ಸಿ. ಆ ವರ್ಷ ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ. ಬಿ ವರ್ಗಕ್ಕೆ ಮೊದಲು ಕಡಿಮೆ ಹೇಳಿದ್ದರು. ಆಮೇಲೆ ಪೂರ್ತಿ ಕೆಡವಿ ಕಟ್ಟಿದರೆ 5 ಲಕ್ಷ, ದುರಸ್ತಿ ಮಾಡಿಕೊಂಡರೆ 3 ಲಕ್ಷ ಅಂತ ಆಯ್ತು. ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಆಗ ಬಯಲು ಸೀಮೆಯ ಪೂರ್ತಿ ಬಿದ್ದ ಮನೆಗೆ ಇದ್ದದ್ದು ಬರೀ 95,100 ರೂಪಾಯಿ, ಮೇಲಿನದೆಲ್ಲ ರಾಜ್ಯ ಸರ್ಕಾರ ಹಾಕಿದ್ದು. ಈಗ ಕಟ್ಟೋರು ಈ ಅಂಕಿ ಹಿಡಿದು ಲೆಕ್ಕ ಹಾಕಬೇಡಿ. ಕೇಂದ್ರದ ದರವೇ 2022ರಲ್ಲಿ 1.2 ಲಕ್ಷಕ್ಕೆ ಏರಿತು, ರಾಜ್ಯದ ಆದೇಶವೂ ಬದಲಾಗುತ್ತಾ ಇರುತ್ತದೆ. ಆ ವರ್ಷದ ಆದೇಶದ ಜೆರಾಕ್ಸ್ ಒಂದನ್ನು ಮೊದಲು ಸಂಪಾದಿಸಿ. ಬಾಯಿಮಾತಿಗಿಂತ ಅದು ಲೇಸು.

ಮಣ್ಣಿನ ಗೋಡೆಯ ಸ್ವಭಾವ ಸರ್ವೆಗೆ ಬರೋರಿಗೆ ಯಾವಾಗಲೂ ಗೊತ್ತಿರೋದಿಲ್ಲ. ನೀರು ಇಳಿದ ದಿನ ಗೋಡೆ ನಿಂತೇ ಇರುತ್ತದೆ. ಬಿಸಿಲು ಬಿದ್ದು ಒಣಗತೊಡಗಿದಾಗ ತಳದ ಮಣ್ಣು ಉದುರಿ, ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟು, ಜಂತಿ ಒಂದು ಕಡೆ ಜಗ್ಗಿ ಆಮೇಲೆ ಬೀಳುತ್ತದೆ. ನಮ್ಮದೂ ಹಂಗೇ ಆಯ್ತು. ಮೊದಲ ಪಟ್ಟಿಯಲ್ಲಿ ಸಿ ಅಂತ ಬರೆದಿದ್ದರು, ವಾರ ಕಳೆಯೋದರೊಳಗೆ ಹಿಂದಿನ ಗೋಡೆ ಪೂರ್ತಿ ಮಲಗಿತು. ಮರುಸರ್ವೆಗೆ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆದೆ, ಮೊದಲಿನ ಫೋಟೊ ಮತ್ತು ಬಿದ್ದ ಮೇಲಿನ ಫೋಟೊ ಎರಡನ್ನೂ ಲಗತ್ತಿಸಿದೆ, ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಆ ಸೀಲ್ ಇದ್ದ ಪ್ರತಿಯೇ ಮುಂದೆ ಎಲ್ಲ ಕಡೆ ಕೆಲಸಕ್ಕೆ ಬಂತು. ತಲಾಟಿ (ಗ್ರಾಮ ಲೆಕ್ಕಿಗ), ಎಂಜಿನಿಯರ್, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೂವರೂ ಕೂಡಿ ಬಂದರು. ಎಂಜಿನಿಯರ್ ಸಾಹೇಬರು ಗೋಡೆಯ ಬುಡಕ್ಕೆ ಬೂಟಿನಿಂದ ಒತ್ತಿ ನೋಡಿದರು, ಹಿಡಿ ಮಣ್ಣು ಕಳಚಿ ಬಿತ್ತು. ಮುಂದೆ ನಮ್ಮ ಮನೆ 5 ಲಕ್ಷದ ಪಟ್ಟಿಗೆ ಬಂತು. ಹೋಗುವಾಗ ಅವ್ವನಿಗೆ ಹೇಳಿದ್ದು ಇಷ್ಟೇ: "ಅವ್ವಾರ, ಫೋಟೊ ಆಗೂಮಟ ಒಂದ್ ಕಲ್ಲೂ ಅಲ್ಲಾಡಸಬ್ಯಾಡ್ರಿ."

ಇದನ್ನು ಗಟ್ಟಿ ಹಿಡಿದುಕೊಳ್ಳಿ. ಮಕ್ಕಳು ಮರಿ ಓಡಾಡೋ ಜಾಗ, ಬಿದ್ದ ಮಣ್ಣು ಬೇಗ ಎತ್ತಿಸೋಣ ಅನ್ನಿಸುತ್ತದೆ. ಎತ್ತಿಸಿದರೆ ಅಲ್ಲಿ ಮನೆ ಇತ್ತು ಅನ್ನೋದಕ್ಕೇ ಸಾಕ್ಷಿ ಹುಡುಕಬೇಕಾಗುತ್ತದೆ. ಅಪಾಯ ಇದ್ದ ಕಡೆ ಹಗ್ಗ ಕಟ್ಟಿ, ಸಾಕು.

ನಿಜವಾದ ತಲೆನೋವು ಅಂದ್ರೆ ಹೆಸರು. ಪಂಚಾಯ್ತಿ ದಾಖಲೆಯಲ್ಲಿ ಮನೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ಒಂದೇ ಮನೆ ನಂಬರು, ಒಳಗೆ ಎರಡು ಒಲೆ. ನಾನು ಒಂದು ಕಡೆ, ತಮ್ಮ ಇನ್ನೊಂದು ಕಡೆ. ಪರಿಹಾರ ಮಾತ್ರ ಮನೆಗೆ ಒಂದೇ, ಒಲೆಗೊಂದಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಎಷ್ಟು ಅರ್ಜಿಗಳು ಕೂತಲ್ಲೇ ಕೂತಿದ್ದವೋ ಅದರಲ್ಲಿ ದೊಡ್ಡ ಪಾಲು ಅಣ್ತಮ್ಮಂದಿರ ಈ ತಕರಾರಿನದ್ದೇ ಅಂತ ನನಗೆ ಅನ್ನಿಸುತ್ತದೆ. ನಾವು ಅವ್ವನ ಹೆಸರಿಗೆ ಮಾಡಿಸಿದೆವು. ನಾಡಕಚೇರಿಯಿಂದ ವಂಶವೃಕ್ಷ, ಅಪ್ಪನ ಮರಣ ಪ್ರಮಾಣಪತ್ರ, ಇಬ್ಬರೂ ಅಣ್ಣತಮ್ಮಂದಿರು ಮತ್ತು ಮದುವೆಯಾಗಿ ಹೋದ ಅಕ್ಕ ಸಹಿ ಮಾಡಿದ ಒಪ್ಪಿಗೆ ಪತ್ರ, ಅದೂ ಬಾಂಡ್ ಮೇಲೆ, ನೋಟರಿ ಮಾಡಿಸಿ. ಅಕ್ಕನ ಸಹಿ ಯಾಕೆ ಅಂತ ತಮ್ಮ ಗೊಣಗಿದ. ಆಕೆಗೂ ಹಕ್ಕಿದೆ, ನಾಳೆ ಯಾರಾದರೂ ತಕರಾರು ಅರ್ಜಿ ಕೊಟ್ಟರೆ ಪರಿಹಾರದ ಕಂತು ನಿಲ್ಲೋದು ನಮ್ಮದೇ ಅಲ್ವಾ?

ಪಂಚಾಯ್ತಿಯ ಕಟ್ಟಡ ಪರವಾನಗಿ ಅಷ್ಟು ಕಷ್ಟ ಆಗಲಿಲ್ಲ. ಜಾಗ ಗ್ರಾಮಠಾಣಾದೊಳಗೆ, ಅಂದ್ರೆ ಊರಿನ ವಾಸದ ಗಡಿಯೊಳಗೆ ಇತ್ತು, ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಅನ್ನೋ ಆಸ್ತಿ ಪತ್ರ ಸಿಕ್ಕಿತು. ಬಾಕಿ ಮನೆಪಟ್ಟಿ (ಮನೆ ತೆರಿಗೆ) ಕಟ್ಟಿ, ಕೈಯಲ್ಲಿ ಬರೆದ ನಕ್ಷೆ ಲಗತ್ತಿಸಿ ಅರ್ಜಿ ಕೊಟ್ಟೆವು. ಹೊಲದಲ್ಲಿ ಮನೆ ಇದ್ದವರಿಗೆ ಇಲ್ಲೇ ಗಂಟು ಬೀಳೋದು, ಅವರು ಪಿಡಿಒ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು. ಇನ್ನೊಂದು ಮಾತು, ಕೆಡವೋ ಮುಂಚೆ ಕರೆಂಟ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು ಮೀಟರ್ ಬಿಚ್ಚಿಸಿ. ಸುಮ್ನೆ ಬಿಟ್ಟರೆ ಬಿದ್ದ ಮನೆಗೂ ಬಿಲ್ ಬರುತ್ತಲೇ ಇರುತ್ತದೆ.

ದುಡ್ಡು ಬರೋದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ, ನೇರ ಖಾತೆಗೆ, ಕಂತಿನಲ್ಲಿ. ಮೊದಲ ಕಂತು ಒಂದು ಲಕ್ಷ. ಉಳಿದದ್ದು ಪಾಯಾ, ಲಿಂಟಲ್, ಸ್ಲ್ಯಾಬ್ ಅಂತ ಹಂತ ಹಂತಕ್ಕೂ ಪಂಚಾಯ್ತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ಹೊಡೆದ ಮೇಲೆ. ಆಧಾರ್ ಖಾತೆಗೆ ಲಿಂಕ್ ಆಗಿದೆ ಅಂತ ಪಾಸ್‌ಬುಕ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ಆಧಾರ್ ಮೇಲೆ ಬರೋ ಸರ್ಕಾರಿ ದುಡ್ಡು ಯಾವ ಖಾತೆಗೆ ಹೋಗಬೇಕು ಅನ್ನೋ ಜೋಡಣೆ, ಯಾವ ಬ್ಯಾಂಕಿಗೆ ಇದೆ ಅಂತ ಬ್ಯಾಂಕಿನಲ್ಲೇ ಕೇಳಿ. ಅವ್ವನದು ಎಂದೋ ತೆಗೆದು ಮರೆತಿದ್ದ ಇನ್ನೊಂದು ಖಾತೆಗೆ ಇತ್ತು, ಬದಲಿಸಿದ ಮೇಲೇ ಹಣ ಬಿತ್ತು. ಕಂತುಗಳ ನಡುವೆ ಗೌಂಡಿಗೆ (ಗಾರೆ ಮೇಸ್ತ್ರಿಗೆ) ಕೊಡೋಕೆ ಕೈಗಡ ಮಾಡಲೇಬೇಕು. ಒಪ್ಪಂದವನ್ನೂ ಹಂತದ ಲೆಕ್ಕದಲ್ಲೇ ಮಾಡಿಕೊಳ್ಳಿ, ದಿನಗೂಲಿ ಮೇಲೆ ಬೇಡ.

ಮನೆ ಅಳತೆಯಲ್ಲಿ ಆಸೆ ಕಡಿಮೆ ಮಾಡಿ, ಪಾಯಾಕ್ಕೆ ಜಾಸ್ತಿ ಸುರಿದೆವು. ನಮ್ಮದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಎರೆ ತೆಗೆಸಿ ಗರಸು (ಗಟ್ಟಿ ಮೊರಂ ಮಣ್ಣು) ತುಂಬಿಸಿ, ಮೇಲೆ ಆರ್‌ಸಿಸಿ ಬೆಲ್ಟ್, ಅಂದ್ರೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಹಾಕಿಸಿದೆವು. ಪಕ್ಕದ ಗುಡಿಯ ಗೋಡೆ ಮೇಲೆ ನೀರಿನ ಗುರುತು ಎದೆಮಟ್ಟಕ್ಕಿತ್ತು. ಅಷ್ಟೆತ್ತರದ ಪಾಯಾ 5 ಲಕ್ಷದಲ್ಲಿ ಆಗೋ ಮಾತಲ್ಲ. ಆದಷ್ಟು ಎತ್ತರಿಸಿ, ಸ್ವಿಚ್ ಬೋರ್ಡುಗಳನ್ನೆಲ್ಲ ಆ ಗುರುತಿಗಿಂತ ಮೇಲೆ ಹಾಕಿಸಿ, ಕಾಳುಕಡಿ ಇಡೋಕೆ ಸ್ಲ್ಯಾಬಿನ ಕೆಳಗೆ ಅಟ್ಟ ಮಾಡಿಸಿದೆವು. ಬೋರ್ಡು ಕೈಗೆ ಎಟುಕೋದಿಲ್ಲ ಅಂತ ಅವ್ವ ಈಗಲೂ ಬೈಯುತ್ತಾಳೆ.

ಕೊನೆಯ ಕಂತು ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಪಂಚಾಯ್ತಿಯ ನಮೂನೆಯಲ್ಲಿ ಹಳೆಯ ಮಣ್ಣಿನ ಮನೆಯ ವಿವರವೇ ಇರುತ್ತದೆ, ಅರ್ಜಿ ಕೊಟ್ಟು ಹೊಸ ಅಳತೆ ಮತ್ತು ಆರ್‌ಸಿಸಿ ಅಂತ ತಿದ್ದಿಸಿಕೊಳ್ಳಿ. ಮನೆಪಟ್ಟಿ ಸ್ವಲ್ಪ ಏರುತ್ತದೆ, ಏರಲಿ. ಮುಂದಿನ ಸರ್ವೆಗೆ ಬರೋರು ನೋಡೋದು ಆ ಕಾಗದವನ್ನೇ.